ಪರದೆ ತೆಗೆದ ಮನೆ

ರೆಡ್‌ಕಾರ್
12 ಫೆಬ್ರುವರಿ 2023

ಪ್ರೀತಿಯ ಲಿಂಡ್ಸಿ,

ಜನವರಿಯಲ್ಲಿ ನಿನ್ನನ್ನು ನೋಡಲು ಬರಲಾಗಲಿಲ್ಲ. ಕೋಪ ಮಾಡಿಕೊಂಡಿರುತ್ತೀಯ, ಗೊತ್ತು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಹಿಂದೆ ಸಾಲು ನಿಂತ ಹೆಂಗಸರ ಗದ್ದಲದಲ್ಲಿ ನನಗೆ ಅರ್ಧ ಕೇಳಿಸುವುದಿಲ್ಲ, ಉಳಿದ ಅರ್ಧಕ್ಕೆ ನೀನು "ಆಯ್ತಮ್ಮ, ಆಯ್ತಮ್ಮ" ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಜೈಲಿನವರು ಕಾಗದ ಒಡೆದು ಓದುತ್ತಾರೆಂದು ನಿನ್ನ ಮೋಯ್ರಾ ಚಿಕ್ಕಮ್ಮ ಹೆದರಿಸಿದಳು. ಓದಲಿ, ಅವರಿಗೂ ಹೊತ್ತು ಹೋಗಬೇಕಲ್ಲ.

ಬರಲಾಗದ್ದಕ್ಕೆ ಕಾರಣ ಇಷ್ಟೇ: ಮನೆಗೆ ಸ್ವಲ್ಪ ಕೆಲಸ ಹಿಡಿಸಿದ್ದೇನೆ. ಮುಂದಿನ ಕೋಣೆಯ ಅಗ್ಗಿಷ್ಟಿಕೆಯನ್ನು ಇಟ್ಟಿಗೆ ಕಟ್ಟಿಸಿ, ಗಾರೆ ಬಳಿಸಿ ಮುಚ್ಚಿಸಿದೆ. ಈಗ ಅಲ್ಲೊಂದು ಅಗ್ಗಿಷ್ಟಿಕೆ ಇತ್ತೆಂದು ಹೇಳಿದರೂ ಯಾರೂ ನಂಬುವುದಿಲ್ಲ. ಕಂದು ಕಾರ್ಪೆಟ್ಟನ್ನೂ ಕಿತ್ತೆಸೆದೆವು. ಅದರಡಿಯಲ್ಲಿ ಒಳ್ಳೆಯ ಮರದ ನೆಲ ಇದೆ, ನಿಮ್ಮಪ್ಪ ಬದುಕಿರುವಾಗಲೇ ನೋಡಿದ್ದರೆ ಎಷ್ಟು ಚೆನ್ನಾಗಿತ್ತು. ಕೆಲಸ ಮಾಡುತ್ತಿರುವುದು ಟ್ರೆವರ್. ಉಕ್ಕಿನ ಕಾರ್ಖಾನೆಯಲ್ಲಿ ನಿಮ್ಮಪ್ಪನ ಜೊತೆ ಇದ್ದನಲ್ಲ, ಅವನೇ. ಕಾರ್ಖಾನೆ ಮುಚ್ಚಿದ ಮೇಲೆ ಮನೆ ರಿಪೇರಿಗೆ ಇಳಿದಿದ್ದಾನೆ.

ಎಲ್ಲ ಪತ್ರಿಕೆಗಳಲ್ಲೂ ಈಗ ಹೀಗೆಯೇ ಇದೆಯಂತೆ, ಬರೀ ನೆಲ, ಬರೀ ಗೋಡೆ. ಪಾರ್ಲರಿನಲ್ಲಿ ಕೂದಲಿಗೆ ಬಣ್ಣ ಹಚ್ಚಿಸಿಕೊಂಡು ಕೂತಾಗ ನೋಡಿದೆ. ಈ ವಯಸ್ಸಿನಲ್ಲಿ ನನಗೂ ಸ್ವಲ್ಪ ಫ್ಯಾಷನ್ ಇರಲಿ ಅನ್ನಿಸಿತು.

ಹೊಟ್ಟೆ ತುಂಬ ತಿನ್ನು. ಹೋದ ಸಲ ನೋಡಿದಾಗ ಕೊರಳಿನ ಮೂಳೆ ಕಾಣುತ್ತಿತ್ತು.

ಮುದ್ದುಗಳೊಂದಿಗೆ,
ಅಮ್ಮ


24 ಫೆಬ್ರುವರಿ

ಅಮ್ಮಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಓದಿದಷ್ಟೂ ಅನುಮಾನ ಜಾಸ್ತಿಯಾಯಿತು.

ನೀನು ಮತ್ತು ಫ್ಯಾಷನ್. ನನ್ನ ಹೈಸ್ಕೂಲಿನ ಗೆಳತಿಯರು ಮನೆಗೆ ಬಂದಾಗ ನಮ್ಮ ಕಂದು ಕಾರ್ಪೆಟ್ ನೋಡಿ ನಗುತ್ತಿದ್ದರು. ಬದಲಾಯಿಸೋಣ ಅಂತ ಅತ್ತು ಕರೆದು ಕೇಳಿದ್ದೆ. "ಅದಕ್ಕೇನಾಗಿದೆಯೇ, ಗುಂಡುಕಲ್ಲಿನ ಹಾಗಿದೆ" ಅಂದಿದ್ದೆ ನೀನು. ಈಗ ಇದ್ದಕ್ಕಿದ್ದ ಹಾಗೆ ನೆಲ ಒಳ್ಳೆಯದಾಯಿತೇ?

ಇಲ್ಲಿ ಮಧ್ಯಾಹ್ನವಾದರೆ ಎಲ್ಲರೂ ಟಿವಿಯಲ್ಲಿ ಮನೆ ಅಂದಗೊಳಿಸುವ ಕಾರ್ಯಕ್ರಮವನ್ನೇ ನೋಡುವುದು. ಸ್ವಂತ ಬಾಗಿಲಿಗೆ ಸ್ವಂತ ಚಿಲಕ ಇಲ್ಲದವರಿಗೆ ಬೇರೆಯವರ ಮನೆ ಮೇಲೆ ಎಷ್ಟು ಆಸೆ ಅಂತೀಯ. ಹಾಗಾಗಿ ಫ್ಯಾಷನ್ ವಿಷಯದಲ್ಲಿ ನನ್ನ ಕಿವಿಗೆ ಹೂವಿಡಬೇಡ. ಇಡೀ ಇಂಗ್ಲೆಂಡಿನಲ್ಲಿ ಜನ ಮುಚ್ಚಿದ ಅಗ್ಗಿಷ್ಟಿಕೆಗಳನ್ನು ಒಡೆದು ತೆರೆಸುತ್ತಿದ್ದಾರೆ, ಒಳಗೆ ಕಪ್ಪು ಕಬ್ಬಿಣದ ಸೌದೆ ಒಲೆ ಕೂರಿಸುತ್ತಿದ್ದಾರೆ. ಅಜ್ಜಿಯ ಕಾಲದ ಹೂಹೂವಿನ ಪರದೆ, ನೆರಿಗೆಯ ದೀಪದ ಮುಸುಕು, ಸಿಂಕಿನ ಕೆಳಗೆ ಲಂಗದ ಹಾಗೆ ಬಟ್ಟೆ, ಗೋಡೆ ತುಂಬ ಬಳ್ಳಿ, ಹಕ್ಕಿ, ಸ್ಟ್ರಾಬೆರಿ. ನಮ್ಮ ಮನೆ ಮೂವತ್ತು ವರ್ಷ ಹಳೆಯದಾಗಿ ಕಾದು ಕೂತು ಕೊನೆಗೂ ಫ್ಯಾಷನ್ ಆಗುವ ಹೊತ್ತಿಗೆ ನೀನು ಎಲ್ಲ ಕಿತ್ತು ಬಿಸಾಡುತ್ತಿದ್ದೀಯ.

ಈ ಟ್ರೆವರ್ ಎಷ್ಟು ದಿನದಿಂದ ಬರುತ್ತಿದ್ದಾನೆ? ಅವನ ಹೆಂಡತಿ ಇದ್ದಾಳಾ?

ಲಿಂಡ್ಸಿ


ರೆಡ್‌ಕಾರ್
19 ಮಾರ್ಚ್

ಲಿಂಡ್ಸಿ,

ಟ್ರೆವರ್‌ಗೆ ಹೆಂಡತಿ ಇಲ್ಲ. ಮೊಮ್ಮಕ್ಕಳಿದ್ದಾರೆ, ಕೆಟ್ಟ ಮಂಡಿ ಇದೆ, ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿಕೊಳ್ಳುವ ಚಟ ಇದೆ. ನಿನ್ನ ಕಾಗದ ಅವನಿಗೆ ಓದಿ ಹೇಳಿದೆ. ಏಣಿ ಮೇಲೆ ನಿಂತವನು ನಕ್ಕು ಬೀಳುವುದರಲ್ಲಿದ್ದ. "ಡೋರೀನ್, ನಿನ್ನ ಮಗಳಿಗೆ ಹೇಳು, ನನಗೆ ಮೆಟ್ಟಿಲು ಹತ್ತೋಕೇ ಆಗಲ್ಲ, ಇನ್ನು ಪ್ರೇಮ ಎಲ್ಲಿಂದ ಬರುತ್ತೆ" ಅಂದ. ಸಮಾಧಾನವಾಯಿತೇ?

ಕೆಲಸ ಮುಂದುವರಿದಿದೆ. ಪರದೆಗಳನ್ನೆಲ್ಲ ತೆಗೆಸಿದೆ. ಜಾಲರಿ ಪರದೆ ಸಮೇತ. ಅಲ್ಯೂಮಿನಿಯಂ ಪಟ್ಟಿಗಳ ಬ್ಲೈಂಡ್ ಬಂದಿದೆ, ದಂತವೈದ್ಯರ ಕ್ಲಿನಿಕ್ಕಿನಲ್ಲಿ ಇರುತ್ತದಲ್ಲ, ಅಂಥದ್ದು. ಬೀದಿಯಲ್ಲಿ ದೊಡ್ಡ ಸುದ್ದಿ. ಎದುರುಮನೆಯ ಮಿಸೆಸ್ ಪೋಸ್ಟ್‌ಗೇಟ್ ಆ ದಿನ ಸಂಜೆಯೇ ಒಂದು ಕೇಕು ಹಿಡಿದುಕೊಂಡು ಬಂದಳು. ಕೇಕು ತರುವಷ್ಟು ಕುತೂಹಲ ಅವಳಿಗೆ ನಿಮ್ಮಪ್ಪ ತೀರಿಕೊಂಡಾಗಲೂ ಇರಲಿಲ್ಲ.

"ಪರದೆ ಒಗೆಯಕ್ಕೆ ಹಾಕಿದೀಯಾ ಡೋರೀನ್?"

"ಇಲ್ಲ, ತೆಗೆದೇ ಬಿಟ್ಟೆ."

"ತೆಗೆದುಬಿಟ್ಟೆ ಅಂದ್ರೆ?"

"ಇನ್ಮೇಲೆ ಇರಲ್ಲ."

"ಹಂಗಾದ್ರೆ ಜನ ಒಳಗೆ ನೋಡಲ್ವಾ?"

"ನೋಡಲಿ ಬಿಡು. ನೀನೊಬ್ಬಳೇ ಎಷ್ಟು ಅಂತ ನೋಡ್ತೀಯ, ನಿನಗೂ ಸುಸ್ತಾಗಿರುತ್ತೆ" ಅಂದೆ. ಕೇಕಿನ ತಟ್ಟೆ ವಾಪಸ್ ಕೇಳಲು ಇನ್ನೂ ಬಂದಿಲ್ಲ.

ಸೋಫಾವನ್ನೂ ಸಾಗಹಾಕಿದೆ. ನೀನು ಕೂಸಾಗಿದ್ದಾಗ ಕೊಂಡದ್ದು, ಒಳಗಿನ ಸ್ಪಂಜೆಲ್ಲ ಪುಡಿಯಾಗುತ್ತಿತ್ತು. ಈಗ ಮರದ ಕುರ್ಚಿಗಳಿವೆ. ಬೆನ್ನಿಗೆ ಒಳ್ಳೆಯದಂತೆ. ಹಗಲಿಡೀ ಕೂತೆದ್ದರೆ ಬೆನ್ನಿಗೆ ಒಳ್ಳೆಯದು ಅನ್ನುವುದರ ಅರ್ಥ ಗೊತ್ತಾಗುತ್ತದೆ. ಗೋಡೆಗೆ ಕೆನೆ ಬಣ್ಣ. ಫೋಟೋ ಇಟ್ಟಿದ್ದೇನೆ, ನೋಡು.

ಸೋಫಾ ಅಂತ ಬರೆದೆ, ಬೇಜಾರು ಮಾಡಿಕೊಳ್ಳಬೇಡ. ಬೇರೆ ಪದ ಇಲ್ಲವಲ್ಲ.

ಅಮ್ಮ


2 ಏಪ್ರಿಲ್

ಅಮ್ಮಾ,

ಸೋಫಾ ಅನ್ನುವ ಪದಕ್ಕೆ ನನಗೆ ಬೇಜಾರಿಲ್ಲ. ನಾನು ಸುಟ್ಟದ್ದು ನಿನ್ನ ಸೋಫಾ ಅಲ್ಲ. ಕ್ರೇಗ್ ನನ್ನನ್ನು ಹೊರಗೆ ಹಾಕಿ, ನಾನು ಹನ್ನೊಂದು ವರ್ಷ ಉಜ್ಜಿ ತೊಳೆದ ಮನೆಗೆ ಆ ಟಾರಾಳನ್ನು ತಂದ ಮೇಲೆ ಅವಳು ತರಿಸಿದ ಹಸಿರು ಮಖಮಲ್ಲಿನ ಸೋಫಾ. ಅದನ್ನು ಅಂಗಳಕ್ಕೆ ಎಳೆದು ಬೆಂಕಿ ಇಟ್ಟಾಗ ಸಮುದ್ರದ ಗಾಳಿ ಪಕ್ಕದ ಮನೆಯ ಹಿಂಬಾಗಿಲಿಗೆ ತಿರುಗುತ್ತದೆಂದು ನನಗೆ ಗೊತ್ತಿರಲಿಲ್ಲ. ಒಳಗೆ ಮುದುಕ ಥ್ರೆಲ್‌ಫಾಲ್ ಮಲಗಿದ್ದಾನೆಂದೂ ಗೊತ್ತಿರಲಿಲ್ಲ. ನ್ಯಾಯಾಧೀಶರ ಮುಂದೆ ಹೇಳಿದ್ದನ್ನೇ ಹೇಳುತ್ತಿದ್ದೇನೆ. ಇದನ್ನು ಓದುವ ಜೈಲಿನವರೂ ಕೇಳಿಸಿಕೊಳ್ಳಲಿ.

ನಿನ್ನ ಫೋಟೋವನ್ನು ನನ್ನ ಜೊತೆಗಿರುವ ಶೆರೀಸ್‌ಗೆ ತೋರಿಸಿದೆ. ಅವಳು ಒಳಗೆ ಬರುವ ಮುಂಚೆ ಮಾರಾಟದ ಮನೆಗಳನ್ನು ಗುಡಿಸಿ ಒರೆಸುವ ಕೆಲಸದಲ್ಲಿದ್ದವಳು. ಒಂದು ಕ್ಷಣ ನೋಡಿದಳು, ಅಷ್ಟೇ.

"ನಿಮ್ಮಮ್ಮ ಮನೆ ಮಾರ್ತಿದಾಳೆ ಕಣೆ."

"ಹೋಗೇ, ಸುಮ್ನಿರು."

"ನಾನ್ಯಾಕೆ ಸುಳ್ಳು ಹೇಳ್ಲಿ? ಈ ಕೆನೆ ಬಣ್ಣ ನೋಡು. ಇರೋರು ಯಾರೂ ಈ ಬಣ್ಣ ಹೊಡೆಸಲ್ಲ, ಹೋಗೋರು ಹೊಡೆಸೋದು. ದಲ್ಲಾಳಿ ಮೊದಲು ಹೇಳೋದೇ ಅದು, ಸಾಮಾನು ಖಾಲಿ ಮಾಡಿ, ಗೋಡೆಗೆ ಕೆನೆ ಹೊಡೀರಿ, ಬರೋ ಗಿರಾಕಿಗೆ ನಿಮ್ಮ ಮುಖ ಕಾಣಬಾರದು ಅಂತ."

ನಾನು ನಗಾಡಿದೆ. ಆಮೇಲೆ ಮಲಗಿ ಯೋಚಿಸಿದೆ. ಕಾರ್ಪೆಟ್ ಹೋಯಿತು, ಪರದೆ ಹೋಯಿತು, ಸೋಫಾ ಹೋಯಿತು. ನೀನು ಬರೆಯುವುದನ್ನು ನೋಡಿದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದೆ. ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ಮನೆ ಮಾರುತ್ತಿದ್ದೀಯಾ? ಮೋಯ್ರಾ ಚಿಕ್ಕಮ್ಮನ ಹತ್ತಿರ ಬ್ರಿಡ್ಲಿಂಗ್ಟನ್‌ಗೆ ಹೋಗಿ ಇರುವ ಯೋಚನೆಯಾ?

ಅಕ್ಟೋಬರಿನಲ್ಲಿ ನನ್ನನ್ನು ಬಿಡುತ್ತಾರೆ. ಬಿಡುವ ಮುಂಚೆ ಒಂದು ವಿಳಾಸ ಕೊಡಬೇಕು. ನಾನು ಕೊಟ್ಟಿರುವುದು ನಿನ್ನದು, ನನಗೆ ಬೇರೆ ಇಲ್ಲ. ಬಿಡುಗಡೆಯಾದವರನ್ನು ಇರಿಸುವ ಹಾಸ್ಟೆಲು ಕದ್ದವರಿಗೆ ಸಿಗುತ್ತದೆ, ಹೊಡೆದವರಿಗೂ ಸಿಗುತ್ತದೆ. ಬೆಂಕಿ ಹಚ್ಚಿದವಳು ಅಂದರೆ ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಾರೆ. ಇದು ನಿನಗೆ ಗೊತ್ತು. ಗೊತ್ತಿದ್ದೂ ಪಾರ್ಲರಿನ ಪತ್ರಿಕೆಯ ಕಥೆ ಹೇಳುತ್ತಿದ್ದೀಯ.

ಲಿಂಡ್ಸಿ


ರೆಡ್‌ಕಾರ್
28 ಮೇ

ಲಿಂಡ್ಸಿ,

ಬರೆಯಲು ತಡವಾಯಿತು. ಮನಸ್ಸಿರಲಿಲ್ಲ, ಅದೇ ಕಾರಣ, ಬೇರೆ ಹೇಳುವುದಿಲ್ಲ.

ಮನೆ ಮಾರುತ್ತಿಲ್ಲ. ನನ್ನನ್ನು ಪೆಟ್ಟಿಗೆಯಲ್ಲಿಟ್ಟು ಹೊರುವವರೆಗೆ ಈ ಮನೆ ಮಾರುವುದಿಲ್ಲ. ನಿನ್ನ ಶೆರೀಸ್‌ಗೆ ಹೇಳು, ನನ್ನ ಗೋಡೆಯಲ್ಲಿ ನನ್ನ ಮುಖ ಕಾಣುವಷ್ಟು ಬಣ್ಣ ಇನ್ನೂ ಇದೆ ಅಂತ.

ನೀನು ನನಗೆ ಇಷ್ಟು ಪ್ರಶ್ನೆ ಕೇಳಿದ್ದೀಯ, ನಾನೂ ಕೇಳುತ್ತೇನೆ. ಕ್ರೇಗ್‌ಗೆ ಕಾಗದ ಬರೆದಿದ್ದೀಯಾ? ಅವನ ತಾಯಿ ಅಂಗಡಿಯಲ್ಲಿ ಸಿಕ್ಕಾಗ ಏನೋ ಅಂದಳು. ಅರ್ಧ ಹೇಳಿ ಅರ್ಧ ನುಂಗಿದಳು. ಹೊರಗೆ ಬಂದ ಮೇಲೆ ಆ ಬೀದಿಯ ಕಡೆ ಹೋಗುವ ಯೋಚನೆ ಇದೆಯಾ? ಹಿಂದೆ ನೀನು "ಇಲ್ಲಮ್ಮ" ಅಂದಾಗೆಲ್ಲ ನಾನು ನಂಬಿದೆ. ನಂಬಿದ್ದಕ್ಕೆ ಏನಾಯಿತೆಂದು ಇಬ್ಬರೂ ನೋಡಿದ್ದೇವೆ.

ಕೆಲಸ ಬಹುತೇಕ ಮುಗಿಯಿತು. ಗ್ಯಾಸ್ ಒಲೆ ತೆಗೆಸಿ ಕರೆಂಟಿನದು ಹಾಕಿಸಿದೆ. ಕಪ್ಪು ಗಾಜಿನ ಹಲಗೆಯ ಹಾಗಿದೆ, ಉರಿ ಕಾಣುವುದಿಲ್ಲ, ಮೊಟ್ಟೆ ಬೇಯಿಸಲು ಕಲಿಯುವುದಕ್ಕೇ ಒಂದು ವಾರ ಹಿಡಿಯಿತು. ನೀನು ಪ್ರತಿ ಕ್ರಿಸ್‌ಮಸ್‌ಗೆ ಕೊಡುತ್ತಿದ್ದ ಪರಿಮಳದ ಮೇಣದಬತ್ತಿಗಳನ್ನು ಚರ್ಚಿನ ಹಳೇ ಸಾಮಾನಿನ ಮಾರಾಟಕ್ಕೆ ಕೊಟ್ಟೆ. ಒಂದನ್ನೂ ಹಚ್ಚಿರಲಿಲ್ಲ. ನಿನ್ನ ಕೋಣೆಗೆ ಹೊಸ ಬಾಗಿಲು ಬಂದಿದೆ. ಗಟ್ಟಿ ಬಾಗಿಲು, ಎರಡು ಕೈಯಲ್ಲಿ ದೂಡಬೇಕು. ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ, ಸದ್ದಿಲ್ಲದೆ. ದೊಡ್ಡ ಹೋಟೆಲುಗಳಲ್ಲಿ ಹಾಗೇ ಇರುತ್ತದಂತೆ.

ಅಮ್ಮ


11 ಜೂನ್

ಅಮ್ಮಾ,

ಕ್ರೇಗ್‌ಗೆ ಒಂದೇ ಒಂದು ಕಾಗದ ಬರೆದೆ. ಥ್ರೆಲ್‌ಫಾಲ್ ಹೇಗಿದ್ದಾರೆ ಎಂದು ಕೇಳಿದ್ದೆ. ಉತ್ತರ ಬರಲಿಲ್ಲ. ನಿನ್ನ ಪ್ರಶ್ನೆಗೆ ಇಷ್ಟೇ ಉತ್ತರ.

ಈಗ ನಿನ್ನ ಬಾಗಿಲಿನ ವಿಷಯಕ್ಕೆ ಬರೋಣ. ತಾನೇ ಮುಚ್ಚಿಕೊಳ್ಳುವ ಗಟ್ಟಿ ಬಾಗಿಲು ನನಗೆ ಹೊಸದಲ್ಲ ಅಮ್ಮಾ, ದಿನಕ್ಕೆ ಹತ್ತು ಸಲ ನೋಡುತ್ತೇನೆ. ಅದು ಯಾವ ಫ್ಯಾಷನ್ನಿನದೂ ಅಲ್ಲ. ಅದು ಬೆಂಕಿಯನ್ನು ಒಳಗೇ ಹಿಡಿದಿಡುವ ಬಾಗಿಲು. ಕೋಣೆಯೊಳಗೆ ಏನೇ ಉರಿದರೂ ಹೊರಗಿನವರು ಓಡಿಹೋಗುವಷ್ಟು ಹೊತ್ತು ತಡೆಯುತ್ತದೆ.

ನಿನ್ನ ಕಾಗದಗಳನ್ನೆಲ್ಲ ಹಾಸಿಗೆ ಮೇಲೆ ಹರಡಿಕೊಂಡೆ. ಎಷ್ಟು ದಡ್ಡಿ ನಾನು. ಮೊದಲು ಟ್ರೆವರ್ ಅಂದುಕೊಂಡೆ, ಆಮೇಲೆ ಮನೆ ಮಾರಾಟ ಅಂದುಕೊಂಡೆ. ನೀನು ಅಗ್ಗಿಷ್ಟಿಕೆ ಮುಚ್ಚಿಸಿದೆ, ಗ್ಯಾಸ್ ತೆಗೆಸಿದೆ, ಮೇಣದಬತ್ತಿ ಕೊಟ್ಟುಬಿಟ್ಟೆ. ಹೊತ್ತಿಕೊಳ್ಳುವ ಬಟ್ಟೆ, ಕಾರ್ಪೆಟ್, ಸ್ಪಂಜು ಒಂದೂ ಮನೆಯಲ್ಲಿ ಉಳಿಯದ ಹಾಗೆ ಮಾಡಿದೆ. ಕೊನೆಗೆ ನನ್ನ ಕೋಣೆಗೆ ಮಾತ್ರ ಆ ಬಾಗಿಲು. ನಿನ್ನ ಕೋಣೆಗೆ ಹಾಕಿಸಿದ್ದೀಯಾ? ಇಲ್ಲ ತಾನೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಲ್ಲಕ್ಕೂ ಫ್ಯಾಷನ್ ಅಂದೆ.

ಶೆರೀಸ್ ಕೇಳಿದಳು, "ಯಾಕೇ ಅಳ್ತಿದೀಯ? ಮನೆ ಮಾರ್ತಿಲ್ಲ ತಾನೆ?" ಮಾರಿದ್ದರೆ ಚೆನ್ನಾಗಿತ್ತು ಅಂದೆ.

ನಿನ್ನನ್ನು ಸುಡುತ್ತೇನೆ ಅಂದುಕೊಂಡಿದ್ದೀಯಲ್ಲ. ನನ್ನ ಹೆತ್ತ ತಾಯಿ ನೀನು. ಅಷ್ಟು ಭಯವಿದ್ದರೆ ಬೇಡ, ನಾನು ಬರುವುದಿಲ್ಲ. ಆ ವಿಳಾಸ ತೆಗೆದುಹಾಕಿ ಅಂತ ಬರೆದುಕೊಡುತ್ತೇನೆ. ಎಲ್ಲಿಗೆ ಕಳಿಸುತ್ತಾರೋ ಅಲ್ಲಿಗೆ ಹೋಗುತ್ತೇನೆ.

ಲಿಂಡ್ಸಿ


ರೆಡ್‌ಕಾರ್
15 ಜೂನ್

ಲಿಂಡ್ಸಿ,

ಏನನ್ನೂ ಬರೆದುಕೊಡಬೇಡ. ಈ ಕಾಗದ ಓದಿ ಮುಗಿಸುವವರೆಗೆ ಪೆನ್ನು ಮುಟ್ಟಬೇಡ.

ಜನವರಿಯಲ್ಲಿ ನಾನು ಬರಲಿಲ್ಲವಲ್ಲ, ಆ ದಿನ ಪ್ರೊಬೇಷನ್ ಅಧಿಕಾರಿ ಮನೆ ನೋಡಲು ಬಂದಿದ್ದಳು. ಬಿಡುಗಡೆಯಾಗಿ ಬರುವವಳು ಇಲ್ಲಿರಬಹುದೋ ಇಲ್ಲವೋ ಎಂದು ತೀರ್ಮಾನಿಸುವವಳು. ಚಿಕ್ಕ ಹುಡುಗಿ, ಒದ್ದೆ ಬೂಟು ಬಾಗಿಲಲ್ಲೇ ಬಿಚ್ಚಿಟ್ಟಳು. ಒಳ್ಳೆಯವಳೇ. ಕೂರಿಸಿ ಚಹಾ ಕೊಟ್ಟೆ. ನೀನು ಬರುತ್ತೀಯೆಂಬ ಸಂಭ್ರಮಕ್ಕೆ ಅಗ್ಗಿಷ್ಟಿಕೆಯಲ್ಲಿ ಕಲ್ಲಿದ್ದಲು ಧಗಧಗ ಉರಿಸಿದ್ದೆ. ಮನೆ ಬೆಚ್ಚಗಿದ್ದರೆ ಮೆಚ್ಚುತ್ತಾಳೆ ಅಂದುಕೊಂಡಿದ್ದೆ. ನನ್ನ ಬುದ್ಧಿ ನೋಡು.

ಅವಳು ಆ ಬೆಂಕಿಯನ್ನೇ ನೋಡುತ್ತ ಕೂತಳು. ಆಮೇಲೆ, "ಕ್ಷಮಿಸಿ ಮಿಸೆಸ್ ಹಾರ್ಬ್ರನ್, ಈ ಮನೆ ಆಗಲ್ಲ ಅನ್ಸುತ್ತೆ" ಅಂದಳು.

"ಏನು ಮಾಡಿದ್ರೆ ಆಗುತ್ತಮ್ಮ?"

"ಅದನ್ನ ನಾನು ಹೇಳೋ ಹಾಗಿಲ್ಲ. ಇದು ನಿಮ್ಮ ಮನೆ, ಬದಲಾಯಿಸಿ ಅಂತ ನಾನು ಹೇಳಕ್ಕಾಗಲ್ಲ."

"ಹೇಳಬೇಡ ಬಿಡು. ಇನ್ನೊಂದು ಸಲ ಮನೆಯೆಲ್ಲ ನೋಡಿಕೊಂಡು ಹೋಗು" ಅಂದೆ. ಅವಳಿಗೆ ಅರ್ಥವಾಯಿತು. ಒಂದೊಂದೇ ಕೋಣೆಗೆ ಹೋದಳು, ಮಾತಾಡದೆ ನಿಂತಳು. ನಾನು ಹಿಂದೆ ನಿಂತು ಅವಳ ಕಣ್ಣನ್ನೇ ನೋಡುತ್ತಿದ್ದೆ. ಪರದೆ, ಸೋಫಾ, ಕಾರ್ಪೆಟ್, ಗ್ಯಾಸ್, ಕಿಟಕಿಯ ಮೇಲೆ ಸಾಲಾಗಿಟ್ಟ ನಿನ್ನ ಮೇಣದಬತ್ತಿಗಳು. ಅವಳ ಕಣ್ಣು ಎಲ್ಲೆಲ್ಲಿ ನಿಂತಿತೋ ಅದನ್ನೆಲ್ಲ ತೆಗೆಸಿದೆ. ಹೋದ ವಾರ ಮತ್ತೆ ಬಂದಿದ್ದಳು. ಬರೀ ಮರದ ಕುರ್ಚಿಯ ಮೇಲೆ ಕೂತು ಸುತ್ತ ನೋಡಿ, "ತುಂಬ... ಸ್ವಚ್ಛವಾಗಿದೆ" ಅಂದಳು. ಪಾಪ, ಚೆನ್ನಾಗಿದೆ ಅನ್ನಲು ಬಾಯಿ ಬರಲಿಲ್ಲ. ಆಗಬಹುದು ಅಂತ ಬರೆದುಕೊಂಡು ಹೋದಳು.

ನಿನಗೆ ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ಹೇಳಿದ್ದರೆ ನೀನು ಈಗ ಅಂದ ಹಾಗೇ ಆಗಲೇ "ಬೇಡ, ಬರಲ್ಲ" ಅನ್ನುತ್ತಿದ್ದೆ. ನಿನ್ನ ಮೂಗಿನ ತುದಿಯ ಕೋಪ ನನಗೆ ಗೊತ್ತಿಲ್ಲವೇ.

ಇಲ್ಲಿಗೆ ನಿಲ್ಲಿಸಿದರೆ ನಾನು ಮಹಾತಾಯಿ ಆಗಿಬಿಡುತ್ತೇನೆ. ಆದರೆ ನಿನ್ನ ಕೋಣೆಯ ಬಾಗಿಲಿನ ಮೇಲೆ ಅವಳ ಕಣ್ಣು ನಿಂತಿರಲಿಲ್ಲ, ಲಿಂಡ್ಸಿ. ಅದು ನಾನೇ ಹೇಳಿ ಮಾಡಿಸಿದ್ದು. ಟ್ರೆವರ್ ಬೇಡ ಅಂದ. "ಡೋರೀನ್, ಅವಳು ನಿನ್ ಮಗಳು ಕಣೇ" ಅಂದ. ಹಾಕು ಅಂದೆ.

ಥ್ರೆಲ್‌ಫಾಲ್ ಅವರನ್ನು ನಾನು ಆಸ್ಪತ್ರೆಯಲ್ಲಿ ನೋಡಿಕೊಂಡು ಬಂದೆ. ನಿನಗೆ ಹೇಳಿರಲಿಲ್ಲ. ಬದುಕಿದ್ದಾರೆ, ಮಗಳ ಮನೆಯಲ್ಲಿದ್ದಾರೆ. ಅವರು ನನ್ನನ್ನು ಬಯ್ಯಲಿಲ್ಲ, ಕೆಮ್ಮಿದರು, ಅಷ್ಟೇ. ಆ ಕೆಮ್ಮು ನನ್ನ ಕಿವಿಯಲ್ಲಿದೆ. ನನಗೆ ನೀನು ಮನೆಗೆ ಬರಬೇಕು, ಬರದಿದ್ದರೆ ನಾನು ಬದುಕಿ ಏನು ಮಾಡಲಿ. ನನಗೆ ನಿನ್ನ ಭಯವೂ ಇದೆ. ಎರಡೂ ಒಂದೇ ಎದೆಯಲ್ಲಿವೆ, ಒಂದನ್ನು ಕಿತ್ತರೆ ಇನ್ನೊಂದು ಬಿಡುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಆದರೆ ಆ ಹೆಗ್ಗಣ ಕಚ್ಚುವುದಿಲ್ಲ ಅಂತ ಯಾರೂ ಹೇಳಿಲ್ಲವಲ್ಲ.

ಬಾಗಿಲು ತೆಗೆಸು ಅಂದರೆ ತೆಗೆಸುತ್ತೇನೆ. ಬರುವುದಿಲ್ಲ ಅಂತ ಮಾತ್ರ ಅನ್ನಬೇಡ.

ನಿನ್ನ ಅಮ್ಮ


6 ಆಗಸ್ಟ್

ಅಮ್ಮಾ,

ಇಷ್ಟು ದಿನ ಉತ್ತರ ಬರೆಯದೆ ನಿನ್ನನ್ನು ಕಾಯಿಸಿದೆ. ಬೇಕೆಂದೇ ಕಾಯಿಸಿದೆ. ನಿನ್ನ ಎರಡು ಭೇಟಿಗೂ ಬರಬೇಡ ಅಂದೆ. ಕೋಪ ಇತ್ತು. ಈಗ ಕೋಪ ಇಲ್ಲ ಅಂದರೆ ಸುಳ್ಳು.

ಆದರೆ ಒಂದು ಹೇಳುತ್ತೇನೆ. ಇಲ್ಲಿಗೆ ಬಂದಾಗಿನಿಂದ ಎಲ್ಲರೂ ನನಗೆ "ನೀನು ಅಂಥವಳಲ್ಲ" ಅಂತಲೋ "ನೀನು ಅಂಥವಳೇ" ಅಂತಲೋ ಹೇಳುತ್ತಿದ್ದಾರೆ. "ನನಗೆ ಭಯ ಆಗುತ್ತದೆ, ಆದರೂ ಬಾ" ಅಂದವಳು ನೀನೊಬ್ಬಳೇ.

ಬಾಗಿಲು ಇರಲಿ. ನೀನು ನಿದ್ದೆ ಮಾಡಬೇಕಲ್ಲ. ನನಗೆ ಬೇಕಾದಾಗ ನಾನೇ ತೆಗೆಯುವ ಹಾಗಿದ್ದರೆ ಸಾಕು.

ವಿಳಾಸ ಬದಲಾಯಿಸಿಲ್ಲ.

ಲಿಂಡ್ಸಿ

ಮರೆತೆ. ಮರದ ಕುರ್ಚಿಗೆ ಒಂದು ದಿಂಬಾದರೂ ಇಡಬಹುದಾ ಅಂತ ಆ ಪ್ರೊಬೇಷನ್ ಹುಡುಗಿಯನ್ನು ಕೇಳು.


ರೆಡ್‌ಕಾರ್, ಅಡುಗೆಮನೆಯ ಮೇಜು
20 ನವೆಂಬರ್

ಲಿಂಡ್ಸಿ,

ನೀನು ಕೆಲಸ ಕೇಳಿಕೊಂಡು ಹೋದ ಹೊತ್ತಿನಲ್ಲಿ ಇದನ್ನು ಬರೆದಿಟ್ಟು ಹೊರಡುತ್ತಿದ್ದೇನೆ. ಎದುರಿಗೆ ಹೇಳಲು ಹೋದರೆ ನೀನು ಏನಾದರೂ ಅನ್ನುತ್ತೀಯ, ನಾನು ಏನಾದರೂ ಅನ್ನುತ್ತೇನೆ. ನೀನು ಬಂದಾಗಿನಿಂದ ನಾವಿಬ್ಬರೂ ಒಂದು ಮನೆಯಲ್ಲಿದ್ದೂ ಬಸ್ ನಿಲ್ದಾಣದಲ್ಲಿ ನಿಂತವರ ಹಾಗೆ ಮಾತಾಡುತ್ತಿದ್ದೇವೆ. ಕಾಗದದಲ್ಲೇ ನಮಗೆ ಸರಿ.

ಮೋಯ್ರಾಳ ಸೊಂಟದ ಆಪರೇಷನ್. ಎರಡು ವಾರ ಬ್ರಿಡ್ಲಿಂಗ್ಟನ್‌ನಲ್ಲಿರುತ್ತೇನೆ. ಮನೆ ನಿನ್ನ ಮೇಲೆ ಬಿಟ್ಟಿದ್ದೇನೆ.

ಮೊನ್ನೆ ಮೊನ್ನೆ ನೀನು ಕೋಟು ಹಾಕಿಕೊಂಡೇ ಕೂತು ಟಿವಿ ನೋಡುವುದನ್ನು ನೋಡಿದೆ. ಈ ಬೋಳು ನೆಲ, ಬೋಳು ಕಿಟಕಿ, ಚಳಿಗೆ ಏನೂ ಅಡ್ಡವಿಲ್ಲ. ಬೆಳಿಗ್ಗೆ ನೀನು ಹೊರಟ ತಕ್ಷಣ ಟ್ರೆವರ್‌ನನ್ನು ಕರೆಸಿ ಅಗ್ಗಿಷ್ಟಿಕೆ ಒಡೆಸಿದೆ. "ಕಟ್ಟು ಅಂತೀಯ, ಒಡಿ ಅಂತೀಯ, ತಲೆ ಕೆಟ್ಟಿದೆಯೇನೆ ನಿನಗೆ" ಅಂತ ಬೈಯುತ್ತಲೇ ಒಡೆದ. ಚಿಮಣಿ ಗುಡಿಸುವವನೂ ಬಂದು ಹೋದ. ಪ್ರೊಬೇಷನ್ನಿನ ಹುಡುಗಿಗೆ ನಾನೇ ಫೋನು ಮಾಡಿ ಹೇಳಿದೆ. "ಖಂಡಿತವಾ?" ಅಂತ ಎರಡು ಸಲ ಕೇಳಿದಳು. ಆಮೇಲೆ, ಮುಂದೆ ಕಬ್ಬಿಣದ ಜಾಲರಿ ಇಡಿ ಅಂದಳು. ಇಟ್ಟಿದ್ದೇನೆ.

ಕಲ್ಲಿದ್ದಲು ಬಕೆಟ್ಟಿನಲ್ಲಿದೆ. ಬೆಂಕಿಪೊಟ್ಟಣ ಮೇಲಿನ ಹಲಗೆಯಲ್ಲಿದೆ. ಚಳಿಯಾದರೆ ಹಚ್ಚಿಕೋ.

ಅಮ್ಮ


ರೆಡ್‌ಕಾರ್
23 ನವೆಂಬರ್

ಪ್ರೀತಿಯ ಅಮ್ಮ,

ಚಿಕ್ಕಮ್ಮನ ಆಪರೇಷನ್ ಚೆನ್ನಾಗಿ ಆಗಿರಬೇಕು. ನೀನು ಫೋನು ಮಾಡಿದಾಗ "ಎಲ್ಲ ಸರಿ ಇದೆ" ಅಂದೆನಲ್ಲ, ಅಷ್ಟೇ ಅಲ್ಲ, ಇನ್ನೂ ಇದೆ.

ನಿನ್ನ ಚೀಟಿ ಓದಿ ನನಗೆ ಮೊದಲು ಹೊಳೆದದ್ದು ಇದು: ಪರೀಕ್ಷೆ ಮಾಡುತ್ತಿದ್ದಾಳೆ. ಬೆಂಕಿಪೊಟ್ಟಣ ಕೈಗೆ ತೆಗೆದುಕೊಂಡೆ. ಕಡ್ಡಿ ಎಣಿಸಿಟ್ಟು ಹೋಗಿದ್ದಾಳೆ, ಬಂದು ಮತ್ತೆ ಎಣಿಸುತ್ತಾಳೆ ಅಂದುಕೊಂಡೆ. ಆಮೇಲೆ ನೋಡಿದರೆ ಅದು ಹೊಸ ಪೊಟ್ಟಣ, ಸುತ್ತಿದ ಕಾಗದವನ್ನೂ ನೀನು ಬಿಚ್ಚಿರಲಿಲ್ಲ. ಅದನ್ನು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಎರಡು ದಿನ ಹಚ್ಚಲಿಲ್ಲ. ಕೋಟು ಹಾಕಿಕೊಂಡೇ ಇದ್ದೆ. ನನ್ನ ಕೈ ಮೇಲೆ ನನಗೇ ನಂಬಿಕೆ ಇರಲಿಲ್ಲ ಅಮ್ಮ.

ನಿನ್ನೆ ಮಧ್ಯಾಹ್ನ ಸಮುದ್ರದ ಕಡೆಯಿಂದ ಆ ಕೆಟ್ಟ ಗಾಳಿ ಎದ್ದಿತು. ಹಚ್ಚಿದೆ. ಮೂರು ಕಡ್ಡಿ ಬೇಕಾಯಿತು. ಹೊತ್ತಿಕೊಂಡ ಮೇಲೆ ಜಾಲರಿ ಇಟ್ಟು, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡು, ಕುರ್ಚಿ ಎಳೆದು ಎದುರಿಗೆ ಕೂತೆ. ಟಿವಿ ಹಾಕಲಿಲ್ಲ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅದನ್ನೇ ನೋಡುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದರು. ಮಿಸೆಸ್ ಪೋಸ್ಟ್‌ಗೇಟ್. ಕಾಲಲ್ಲಿ ಮನೆಯ ಚಪ್ಪಲಿ, ಮೈಮೇಲೆ ಕೋಟು, ಕೈಯಲ್ಲಿ ಫೋನು. ಬೆಂಕಿ ಆರಿಸುವವರನ್ನು ಕರೆಯುವ ಮೂರು ಒಂಬತ್ತುಗಳಲ್ಲಿ ಎರಡನ್ನು ಒತ್ತಿಯಾಗಿತ್ತೋ ಏನೋ, ಹೆಬ್ಬೆರಳು ಮೂರನೆಯದರ ಮೇಲೆ ನಿಂತಿತ್ತು.

"ನಿಮ್ಮಮ್ಮ ಇದಾಳಾ?"

"ಇಲ್ಲ ಮಿಸೆಸ್ ಪೋಸ್ಟ್‌ಗೇಟ್, ಬ್ರಿಡ್ಲಿಂಗ್ಟನ್‌ಗೆ ಹೋಗಿದಾರೆ."

"ಒಬ್ಬಳೇ ಇದೀಯಾ?"

"ಒಬ್ಬಳೇ."

"ಹೊಗೆ ಕಾಣ್ತು."

"ಬೆಂಕಿ ಹಾಕಿದೀನಿ."

"ಎಲ್ಲಿ?"

"ಅಗ್ಗಿಷ್ಟಿಕೇಲಿ."

ಅವಳು ನನ್ನ ಭುಜದ ಮೇಲಿಂದ ಒಳಗೆ ಇಣುಕಿದಳು. "ಅದನ್ನ ಕಟ್ಟಿಸಿದ್ಲಲ್ಲ ಡೋರೀನ್" ಅಂದಳು. ಮತ್ತೆ ತೆಗೆಸಿದಾರೆ ಅಂದೆ. ನಂಬಲಿಲ್ಲ. ಕೋಪ ನೆತ್ತಿಗೇರಿತು, ಬಾಗಿಲು ಹಾಕಿಬಿಡೋಣ ಅನ್ನಿಸಿತು. ಹಾಕಿದ್ದರೆ ಮೂರನೇ ಒಂಬತ್ತು ಬೀಳುತ್ತಿತ್ತು, ಬೀದಿಗೆ ಕೆಂಪು ಗಾಡಿ ಬರುತ್ತಿತ್ತು, ನೀನು ಬರುವ ಹೊತ್ತಿಗೆ ನಾನು ಇಲ್ಲಿ ಇರುತ್ತಿರಲಿಲ್ಲವೇನೋ. ಒಳಗೆ ಬನ್ನಿ ಅಂದೆ.

ಬಂದಳು. ಬಾಗಿಲ ಹತ್ತಿರದ ಕುರ್ಚಿಯ ಅಂಚಿನಲ್ಲಿ ಕೂತಳು, ಫೋನು ಮಡಿಲಲ್ಲಿ. ನಾನು ಈ ಕಡೆ, ನೀರಿನ ಬಕೆಟ್ ನಡುವೆ. ನಾನು ಬೆಂಕಿಯನ್ನು ನೋಡುತ್ತಿದ್ದೆ, ಅವಳು ನನ್ನನ್ನು ನೋಡುತ್ತಿದ್ದಳು. ಚಹಾ ಮಾಡಿಕೊಟ್ಟೆ. ಕುಡಿಯಲಿಲ್ಲ, ಮೂಸಿ ನೋಡಿದಳು. ಆಮೇಲೆ ಕುಡಿದಳು. ಕೆಂಡ ಬಿದ್ದು ಸದ್ದಾದಾಗ ಇಬ್ಬರೂ ಬೆಚ್ಚಿಬಿದ್ದೆವು.

ಅವಳ ಹಣೆ ಬೆವರುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ಕೋಟು ಬಿಚ್ಚಿ ಮಿಸೆಸ್ ಪೋಸ್ಟ್‌ಗೇಟ್, ಇಲ್ದಿದ್ರೆ ಹೊರಗಿನ ಚಳೀಲಿ ಅದರ ಬೆಚ್ಚಗೆ ಗೊತ್ತೇ ಆಗಲ್ಲ" ಅಂದೆ. ಈ ಊರಿನಲ್ಲಿ ಯಾರ ಮನೆಗೆ ಹೋದರೂ ಹೇಳುವ ಮಾತು, ಸುಮ್ಮನೆ ಬಾಯಿಗೆ ಬಂತು. ಅವಳು ನನ್ನನ್ನು ನೋಡಿದಳು, ಬೆಂಕಿಯನ್ನು ನೋಡಿದಳು. ಫೋನನ್ನು ಕೆಳಗಿಟ್ಟು ಮೇಲಿನ ಗುಂಡಿ ಬಿಚ್ಚಿದಳು. ಆಮೇಲೆ ಉಳಿದವನ್ನೂ ಬಿಚ್ಚಿದಳು.

ಕಲ್ಲಿದ್ದಲು ಬೂದಿಯಾಗುವವರೆಗೆ ಕೂತಿದ್ದಳು. ಕ್ರೇಗ್ ವಿಷಯ ಕೇಳಲಿಲ್ಲ, ಜೈಲಿನ ವಿಷಯವನ್ನೂ ಕೇಳಲಿಲ್ಲ. ತನ್ನ ಮನೆಯ ಬಾಯ್ಲರ್ ಕೆಟ್ಟು ವಾರವಾಯಿತು, ರಿಪೇರಿಯವನು ಬರುತ್ತಿಲ್ಲ ಅಂತ ಗೊಣಗಿದಳು. ಹೋಗುವಾಗ ಬಾಗಿಲಲ್ಲಿ ನಿಂತು ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ನಾಳೇನೂ ಹಚ್ತೀಯೇನೆ?" ಅಂದಳು.

ಅನುಮಾನಕ್ಕೆ ಕೇಳಿದಳೋ ಆಸೆಗೆ ಕೇಳಿದಳೋ ಗೊತ್ತಾಗಲಿಲ್ಲ ಅಮ್ಮ. ಹಚ್ಚುತ್ತೇನೆ ಅಂದೆ.

ನಿನ್ನ ಮಗಳು,
ಲಿಂಡ್ಸಿ